ರಾತ್ರಿ ಎರಡು ಗಂಟೆಯ ಎಚ್ಚರ

ಕೇಳುಗರೆಲ್ಲರಿಗೂ ನಮಸ್ಕಾರ.

ಸಕಲೇಶಪುರದ ಆಚೆ, ಹೆತ್ತೂರಿನ ಕಡೆ ಇರುವ ನಮ್ಮ ಸೋದರತ್ತೆಯ ಮನೆಯಲ್ಲಿ ಕಾಫಿ ಕೊಯ್ಲಿನ ದಿನಗಳಲ್ಲಿ ರಾತ್ರಿ ಎಂಟೂವರೆಗೆ ಒಂದು ಲೋಟ ಕಾಫಿ ಆಗಲೇಬೇಕಿತ್ತು. ಕಣದಲ್ಲಿ ಹರಡಿದ್ದ ಹಣ್ಣನ್ನು ಗುಡ್ಡೆ ಹಾಕಿಸಿ, ಟಾರ್ಪಾಲು ಹೊದಿಸಿ, ರೈಟರು ತಂದ ಆಳುಗಳ ಲೆಕ್ಕ ನೋಡಿ ಮುಗಿಸಿದ ಮೇಲೆ, ಫಿಲ್ಟರಿನ ತಳದಲ್ಲಿ ಉಳಿದ ಗಟ್ಟಿ ಡಿಕಾಕ್ಷನ್ನಿಗೆ ಬಿಸಿ ಹಾಲು ಬೆರೆಸಿಕೊಂಡು ಅವರು ಜಗಲಿಯ ಮೇಲೆ ಕೂರುತ್ತಿದ್ದರು. ಹತ್ತಕ್ಕೆ ಮಲಗಿದರೆ ಎರಡಕ್ಕೆ ಎಚ್ಚರವಾಗುತ್ತಿತ್ತು. ಆಮೇಲೆ ಗೋಡೆಯ ಗಡಿಯಾರ ನೋಡುತ್ತ, ಮಗ್ಗುಲು ಬದಲಿಸುತ್ತ ಬೆಳಗು ಮಾಡುವುದೇ ಕೆಲಸ. "ಚಿಂತೆ ಬಿಡಿ ಅತ್ತೆ, ನಿದ್ದೆ ತಾನಾಗಿ ಬರುತ್ತೆ" ಎಂದು ಮನೆಯವರೆಲ್ಲ ಹೇಳಿದರು; ಮನಶ್ಶಾಸ್ತ್ರ ಪಾಠ ಹೇಳುವ ನಾನೂ ಅದನ್ನೇ ಹೇಳಿದೆ. ಆ ಮಾತು ಅರ್ಧ ಮಾತ್ರ ಸರಿ ಎಂದು ಈಚಿನ ಸಂಶೋಧನೆಗಳು ತೋರಿಸಿವೆ, ಇನ್ನರ್ಧವನ್ನು ಕುರಿತು ಇಂದು ಮಾತನಾಡುತ್ತೇನೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದು ನಮ್ಮ ಗಾದೆ. ವೈದ್ಯಶಾಸ್ತ್ರವೂ ಬಹುಕಾಲ ಹೀಗೆಯೇ ಯೋಚಿಸಿತ್ತು. ಮನಸ್ಸು ಕುಗ್ಗಿದೆ, ಆದ್ದರಿಂದ ನಿದ್ದೆ ಬಾರದು. ಖಿನ್ನತೆಗೆ ಔಷಧ ಕೊಟ್ಟರೆ ನಿದ್ದೆಯೂ ಸರಿಹೋದೀತು ಎಂಬುದು ನಂಬಿಕೆಯಾಗಿತ್ತು. ಆದರೆ ಜನರನ್ನು ವರ್ಷಗಟ್ಟಲೆ ಗಮನಿಸಿ ನಡೆಸಿದ 21 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಕಿಯಾರಾ ಬಾಲ್ಯೋನಿ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಬೇರೆಯೇ ಚಿತ್ರ ಕಂಡಿತು. ಆರಂಭದಲ್ಲಿ ಖಿನ್ನತೆ ಇಲ್ಲದೆ ಬರಿಯ ನಿದ್ರಾಹೀನತೆ ಇದ್ದವರಿಗೆ, ಚೆನ್ನಾಗಿ ನಿದ್ದೆ ಮಾಡುವವರಿಗಿಂತ ಮುಂದೆ ಖಿನ್ನತೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯನ್ನು ಪರಿಷ್ಕರಿಸಿದಾಗ, ನಿದ್ರಾಹೀನತೆಯನ್ನು ಇನ್ನೊಂದು ಕಾಯಿಲೆಯ ನೆರಳೆಂದು ಕಾಣದೆ ಸ್ವತಂತ್ರ ತೊಂದರೆಯೆಂದೇ ಎಣಿಸಿ, ಅದಕ್ಕೆ ಪ್ರತ್ಯೇಕ ಗಮನ ಬೇಕೆಂದು ಹೇಳಿತು.

ಒಂದು ಮೊದಲು ಬಂದು ಇನ್ನೊಂದು ಆಮೇಲೆ ಬಂದ ಮಾತ್ರಕ್ಕೆ ಮೊದಲಿನದು ಕಾರಣವಾಗಲಾರದು ಎಂದು ನೀವು ಕೇಳಬಹುದು, ಕೇಳಬೇಕು ಕೂಡ. ಅದನ್ನು ಪರೀಕ್ಷಿಸುವ ದಾರಿ ಒಂದೇ: ನಿದ್ದೆಯೊಂದನ್ನೇ ಸರಿಪಡಿಸಿ, ಮನಸ್ಸಿಗೆ ಏನಾಗುತ್ತದೆ ಎಂದು ನೋಡುವುದು. ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ಅವರ ತಂಡ ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3755 ವಿದ್ಯಾರ್ಥಿಗಳಲ್ಲಿ ಇದನ್ನೇ ಮಾಡಿತು. ನಿದ್ದೆ ಬಾರದೆ ಒದ್ದಾಡುತ್ತಿದ್ದ ಈ ಮಕ್ಕಳಲ್ಲಿ ಕೆಲವರಿಗೆ, ನಿದ್ದೆ ಸುಧಾರಿಸುವ ಮಾತಿನ ಚಿಕಿತ್ಸೆಯನ್ನು ಅಂತರ್ಜಾಲದ ಮೂಲಕ ಕೊಡಲಾಯಿತು. ಉಳಿದವರು ಎಂದಿನಂತೆ ಇದ್ದರು. ಚಿಕಿತ್ಸೆ ಪಡೆದವರ ನಿದ್ದೆ ಸುಧಾರಿಸಿತು, ಜೊತೆಗೆ ಖಿನ್ನತೆ, ಆತಂಕ, ಅಷ್ಟೇಕೆ, ಇತರರು ತಮಗೆ ಕೇಡು ಬಗೆಯುತ್ತಿದ್ದಾರೆಂಬ ಸಂಶಯವೂ ತಗ್ಗಿತು. 2017ರ ಈ ಫಲಿತಾಂಶವನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಅತ್ತೆಯ ಗಡಿಯಾರ.

ಮಿದುಳಿನಲ್ಲಿ ಹೀಗೇಕೆ ಆಗುತ್ತದೆ? ಭಯ, ಸಿಟ್ಟುಗಳನ್ನು ಎಬ್ಬಿಸುವಲ್ಲಿ ಮುಖ್ಯ ಪಾತ್ರ ವಹಿಸುವ, ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವೊಂದಿದೆ. ಅದಕ್ಕೆ ಲಗಾಮು ಹಾಕುವುದು ಹಣೆಯ ಹಿಂದಿರುವ ಮುಮ್ಮಿದುಳು. 2007ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಸುಮಾರು 35 ಗಂಟೆ ನಿದ್ದೆಗೆಟ್ಟ ಯುವಜನರಿಗೆ ಅಹಿತಕರ ಚಿತ್ರಗಳನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ನಿದ್ದೆ ಮಾಡಿದವರಿಗಿಂತ ಅವರ ಅಮಿಗ್ಡಲಾ ಶೇ. 60ರಷ್ಟು ಹೆಚ್ಚು ಉದ್ರೇಕಗೊಂಡಿತ್ತು, ಮುಮ್ಮಿದುಳಿನೊಡನೆ ಅದರ ಸಂಪರ್ಕ ಸಡಿಲವಾಗಿತ್ತು. ಹಗಲು ಹೊತ್ತು ಸಣ್ಣದಾಗಿ ಕಾಣುವ ಬ್ಯಾಂಕಿನ ಸಾಲ ನಿದ್ದೆಗೆಟ್ಟಾಗ ಬೆಟ್ಟವಾಗಿ ನಿಲ್ಲುವುದರ ಹಿಂದೆ ಇಂಥದೊಂದು ಸಡಿಲಿಕೆ ಇದ್ದೀತು. ಹಾಗೆ ಹೆದರುವುದು ಮನಸ್ಸಿನ ಪುಕ್ಕಲುತನ ಎಂದು ಯಾರನ್ನೂ ಹಳಿಯಬೇಡಿ.

ಇನ್ನು ಕಾಫಿಯ ಮಾತು. ಕಾಫಿನಾಡಿನಲ್ಲಿ ಕುಳಿತು ಇದನ್ನು ಹೇಳದೆ ಹೋದರೆ ಅಪಚಾರವಾದೀತು. ನಾವು ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಅದು ನರಕೋಶಗಳ ಮೇಲಿನ ತನ್ನ ಸ್ಥಾನಗಳಲ್ಲಿ ಬಂದು ಕೂತಾಗ ತೂಕಡಿಕೆ ಬರುತ್ತದೆ. ಕೆಫೀನ್ ಆ ಸ್ಥಾನಗಳನ್ನು ತಾನು ಆಕ್ರಮಿಸಿಕೊಳ್ಳುತ್ತದೆ. ಅಡಿನೋಸಿನ್ ಕರಗಿರುವುದಿಲ್ಲ, ಕೂರಲು ಜಾಗವಿಲ್ಲದೆ ಹೊರಗೆ ಕಾಯುತ್ತಿರುತ್ತದೆ, ಅಷ್ಟೆ. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಹೆಚ್ಚು. 2013ರ ಅಧ್ಯಯನವೊಂದರಲ್ಲಿ ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾಗಿತ್ತು. ಒಂದು ಲೋಟದಲ್ಲಿ ಅಷ್ಟು ಇರುವುದಿಲ್ಲ, ನಿಜ. ಆದರೆ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಇಮ್ಮಡಿ ಕೆಫೀನ್ ಇರುತ್ತದೆ ಎಂಬುದನ್ನು ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ. ಅತ್ತೆಯ ಫಿಲ್ಟರಿಗೆ ಬೀಳುತ್ತಿದ್ದುದು ಹೆಚ್ಚಾಗಿ ಮನೆಯ ರೊಬಸ್ಟಾ ಪುಡಿಯೇ.

ನಿದ್ದೆಯಲ್ಲಿ ಮಿದುಳು ತನ್ನ ಕಸವನ್ನು ತೊಳೆದುಕೊಳ್ಳುತ್ತದೆ ಎಂಬ ಸುದ್ದಿಯನ್ನು ನೀವು ಓದಿರಬಹುದು. 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಿಂದ ಬಂದ ಮಾತು ಅದು. 2024ರಲ್ಲಿ ಇಲಿಗಳ ಮೇಲೆಯೇ ನಡೆದ ಇನ್ನೊಂದು ಪ್ರಯೋಗ ಅದಕ್ಕೆ ವಿರುದ್ಧವಾದುದನ್ನು ಕಂಡಿದೆ. ವಿವಾದ ತೀರುವವರೆಗೆ ಅದನ್ನು ಶಾಲೆಯ ಮಕ್ಕಳಿಗೆ ಸಿದ್ಧ ಸತ್ಯವೆಂದು ಹೇಳದಿರುವುದು ಲೇಸು.

ಚಿಕಿತ್ಸೆಗೆ ಬರೋಣ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಅರಿವು ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಶಿಫಾರಸು ಮಾಡಿದೆ. ಇದರ ತಿರುಳು ಮೊದಲು ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ನಿದ್ದೆ ಬಾರದವರು ಬೇಗ ಹಾಸಿಗೆ ಸೇರುತ್ತಾರೆ, ತಡವಾಗಿ ಏಳುತ್ತಾರೆ; ಹಾಸಿಗೆ ಒದ್ದಾಟದ ಜಾಗವಾಗಿಬಿಡುತ್ತದೆ. ಚಿಕಿತ್ಸೆಯಲ್ಲಿ ಹಾಸಿಗೆಯ ಹೊತ್ತನ್ನೇ ಕಡಿತ ಮಾಡುತ್ತಾರೆ. ಐದೂವರೆ ಗಂಟೆ ನಿದ್ದೆ ಬರುತ್ತಿದ್ದರೆ, ಹನ್ನೆರಡಕ್ಕೆ ಮಲಗಿ ಐದೂವರೆಗೆ ಏಳಬೇಕು. ನಿದ್ದೆ ಗಟ್ಟಿಯಾದಂತೆ ವಾರಕ್ಕಿಷ್ಟು ಹೊತ್ತು ಸೇರಿಸುತ್ತ ಹೋಗಬೇಕು. ನಡುರಾತ್ರಿ ಎಚ್ಚರವಾಗಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂರಬೇಕು, ಕಣ್ಣೆಳೆದಾಗ ಮಾತ್ರ ಮರಳಬೇಕು. ಇಂಗ್ಲೆಂಡಿನಲ್ಲಿ 642 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದನ್ನು ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ದಾದಿಯರು. ಆರು ತಿಂಗಳ ಬಳಿಕವೂ ಗುಣ ಕಂಡಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಇದು ಆಗಬೇಕೆಂಬುದು ನನ್ನ ದೊಡ್ಡ ಆಸೆ. ಮೂರ್ಛೆರೋಗ ಇರುವವರು, ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಒಮ್ಮೆ ತೀರಾ ಕುಗ್ಗುವ ಬೈಪೋಲಾರ್ ಕಾಯಿಲೆ ಇರುವವರು, ವಾಹನ ಓಡಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುವವರಿಗೆ ಬೇರೆಯೇ ತಪಾಸಣೆ ಬೇಕು. ಮನಸ್ಸು ತೀರಾ ಕುಗ್ಗಿದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಅತ್ತೆ ವೈದ್ಯರ ಮಾರ್ಗದರ್ಶನದಲ್ಲಿ ಇದನ್ನು ಕೈಗೊಂಡರು. ಮೊದಲ ಎರಡು ವಾರ ಬಹಳ ಕಷ್ಟವಾಯಿತು, ಹಗಲು ಕೂತಲ್ಲೇ ತೂಗುತ್ತಿದ್ದರು. ಕೊನೆಯ ಕಾಫಿ ಮಧ್ಯಾಹ್ನ ಎರಡಕ್ಕೆ ಬಂತು, ಗಡಿಯಾರ ಮಲಗುವ ಕೋಣೆಯಿಂದ ಹಜಾರಕ್ಕೆ ಹೋಯಿತು. ಎಚ್ಚರವಾದರೆ ಎದ್ದು ಒಲೆಯ ಹತ್ತಿರ ಕೂತು ಏಲಕ್ಕಿ ಬಿಡಿಸುತ್ತಿದ್ದರು. ಎರಡು ತಿಂಗಳಲ್ಲಿ ಆರೂವರೆ ಗಂಟೆ ನಿದ್ದೆ ಮರಳಿತು.

ಆದರೂ ಎಲ್ಲ ರಾತ್ರಿಯೂ ಅಲ್ಲ. ಗದ್ದೆಗೆ ಆನೆ ಇಳಿದಿದೆ ಎಂದು ಊರಿನವರ ಮೊಬೈಲುಗಳಿಗೆ ಸಂದೇಶ ಬಂದ ರಾತ್ರಿ ಅವರ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಬಯಲುಸೀಮೆಯ ಅರಸೀಕೆರೆಯ ಕಡೆ, ರಾತ್ರಿ ಮಾತ್ರ ಮೂರು ಫೇಸ್ ಕರೆಂಟು ಸಿಗುವ ದಿನಗಳಲ್ಲಿ ಪಂಪಿನ ಹತ್ತಿರ ಟಾರ್ಚು ಹಿಡಿದು ಕಾಯುವ ರೈತನಿಗೂ ಹಾಸಿಗೆಯ ನಿಯಮಗಳಿಂದ ಉಪಯೋಗವಿಲ್ಲ. ಇವರ ನಿದ್ದೆಯನ್ನು ಕಾಯುವ ಹೊಣೆ ಮನೋವೈದ್ಯರಿಗಿಂತ ಮೊದಲು, ಕರೆಂಟಿನ ವೇಳಾಪಟ್ಟಿ ಬರೆಯುವವರ ಮೇಲೆ, ಆನೆ ಕಾರಿಡಾರಿನ ಕಡತಗಳನ್ನು ಮುಂದಿಟ್ಟುಕೊಂಡಿರುವವರ ಮೇಲೆ ಇದೆ.

ನಮಸ್ಕಾರ.