ಕ್ಯಾಂಪಿಂಗ್ ಕ್ಲಬ್ ಕಟ್ಟಿದ ದರ್ಜಿ

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು ಹೊಸ ಕ್ಲಬ್ಬಿನ ಬೈಲಾ, ಪದಾಧಿಕಾರಿಗಳು, ಲೋಗೋ ಎಲ್ಲದರ ಬಗ್ಗೆ ಹೇಳಿದರು. ಸಂತೋಷ. ಆದರೆ ಟೆಂಟಿನ ತೂಕದ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಅದಕ್ಕೇ ಬರೆದುಕೊಂಡು ಬಂದಿದ್ದನ್ನು ಪಕ್ಕಕ್ಕಿಟ್ಟು ಒಬ್ಬ ದರ್ಜಿಯ ಕಥೆ ಹೇಳುತ್ತೇನೆ.

ಥಾಮಸ್ ಹೈರಮ್ ಹೋಲ್ಡಿಂಗ್ ಅಂತ. ಲಂಡನ್ನಿನಲ್ಲಿ ಟೈಲರ್. ಕೋಟಿನ ಕಟಿಂಗ್ ಬಗ್ಗೆ ಪುಸ್ತಕ ಬರೆದ ಮನುಷ್ಯ. 1853ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಮನೆಯವರ ಜೊತೆ ಅಮೆರಿಕಕ್ಕೆ ಹೋಗಿ ಮಿಸಿಸಿಪ್ಪಿ ನದಿಯ ದಡದಲ್ಲಿ ವಾರಗಟ್ಟಲೆ ಡೇರೆಯಲ್ಲಿದ್ದ. ಆಮೇಲೆ ಗಾಡಿಗಳ ಸಾಲಿನಲ್ಲಿ ಹುಲ್ಲುಗಾವಲು ದಾಟಿದ. ಆಗ ಸಾಮಾನು ಹೊತ್ತಿದ್ದು ಗಾಡಿ. ದೊಡ್ಡವನಾದ ಮೇಲೆ ಸ್ಕಾಟ್ಲೆಂಡಿನ ನೀರಿನಲ್ಲಿ ಸಣ್ಣ ದೋಣಿ ಹಾಕಿಕೊಂಡು ಹೊರಟ. ಆಗ ಹೊತ್ತಿದ್ದು ದೋಣಿ. ಸೈಕಲ್ ಹತ್ತಿದ ಮೇಲೆ ಹೊರುವವರು ಯಾರು? ಏರು ಬಂತು ಅಂದರೆ ತನ್ನ ಕಾಲೇ ಹೊರಬೇಕು, ಅಲ್ವಾ?

1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಸೈಕಲ್ ಸವಾರಿ ಹಾಯಾಯಿತು. ಜನ ದೂರ ದೂರ ಹೊರಟರು. ಆದರೆ ಡೇರೆ ಅಂದರೆ ಆಗಿನ್ನೂ ಸೈನ್ಯದ ದಪ್ಪ ಕ್ಯಾನ್ವಾಸ್. ಮಳೆಯಲ್ಲಿ ನೆನೆದರೆ ಇನ್ನೂ ಭಾರ. ಇಲ್ಲಿ ನೋಡಿ ದರ್ಜಿಯ ಕೈಚಳಕ. ಬಟ್ಟೆಯ ಮೇಲೆ ಎಳೆತ ಎಲ್ಲಿ ಬೀಳುತ್ತದೆ ಅಂತ ಅವನಿಗೆ ಗೊತ್ತು. ಕೋಟಿನಲ್ಲಿ ಕಂಕುಳು, ಡೇರೆಯಲ್ಲಿ ಹಗ್ಗ ಕಟ್ಟುವ ಮೂಲೆ. ಅಲ್ಲಿ ಗಟ್ಟಿಯಾಗಿದ್ದರೆ ಸಾಕು, ಉಳಿದ ಕಡೆ ಸುಮ್ನೆ ಯಾಕೆ ದಪ್ಪ? ತೆಳು ರೇಷ್ಮೆ, ಜೋಡಿಸುವ ಬಿದಿರಿನ ಕೋಲು. ಸುತ್ತಿ ಸೈಕಲ್ಲಿಗೆ ಕಟ್ಟಿದರೆ ಮುಗಿಯಿತು.

1897ರಲ್ಲಿ ಐರ್ಲೆಂಡಿನ ಕಾನೆಮಾರಾ ಕಡೆ ಜೊತೆಗಾರರನ್ನು ಕಟ್ಟಿಕೊಂಡು ಹೋದ. ಅಟ್ಲಾಂಟಿಕ್ ಮಳೆ ಹೊಡೆಯುವ ಜಾಗ ಅದು. ತೆಳು ಡೇರೆಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ಬೇಕಾ? ಬಂದು ಪ್ರವಾಸದ ಪುಸ್ತಕ ಬರೆದ. ಆಸಕ್ತಿ ಇದ್ದವರು ಪತ್ರ ಬರೆಯಿರಿ ಅಂತ ಅದರಲ್ಲಿ ಕೇಳಿದ. ಪತ್ರಗಳು ಬಂದವು. 1901ರಲ್ಲಿ ಇಂಗ್ಲೆಂಡಿನ ವಾಂಟೇಜ್ ಅನ್ನೋ ಊರಿನಲ್ಲಿ ಬೆರಳೆಣಿಕೆಯ ಜನ ಡೇರೆ ಹಾಕಿದರು. ಅದೇ ಸೈಕಲ್ ಕ್ಯಾಂಪರ್‌ಗಳ ಸಂಘ, ಇಂಥ ಕ್ಲಬ್‌ಗಳಲ್ಲೇ ಮೊದಲನೆಯದು. ಗಮನಿಸಿ: ಡೇರೆ ಮೊದಲು, ಸಂಘ ಆಮೇಲೆ. ನಮ್ಮ ಸಮಿತಿಯವರು ನನ್ನ ಮುಖ ನೋಡದೆ ನೆಲ ನೋಡುತ್ತಿದ್ದಾರೆ, ಇರಲಿ.

ಸಂಘಕ್ಕೆ ವೇಬ್ರಿಜ್‌ನಲ್ಲಿ ಸ್ವಂತ ಕ್ಯಾಂಪ್ ಜಾಗ ಆಗಿದ್ದು 1906ರಲ್ಲಿ. ಅಷ್ಟು ಹೊತ್ತಿಗೆ ಸದಸ್ಯರು ನೂರಾರು. ಐದು ವರ್ಷ ಸ್ವಂತ ಜಾಗ ಇಲ್ಲದೆಯೇ ಬೆಳೆದರು! ಯಾಕೆ? ಹಗುರ ಡೇರೆಯವನಿಗೆ ಒಂದು ರಾತ್ರಿಗೆ ಯಾರದೋ ಹೊಲದ ಮೂಲೆ ಸಾಕು. ಮತ್ತೆ ತೂಕಕ್ಕೇ ಬಂದೆ ಅಂತ ನಗಬೇಡಿ. 1908ರಲ್ಲಿ ಹೋಲ್ಡಿಂಗ್ ಕ್ಯಾಂಪಿಂಗ್ ಕೈಪಿಡಿ ತಂದ. ಹಗುರ ಹಗುರ ಅಂದವನ ಆ ಪುಸ್ತಕ ಮಾತ್ರ ದಪ್ಪ!

ಮುಂದೆ ಈ ಸಂಘದಿಂದಲೇ ಬೆಳೆದ ಕ್ಯಾಂಪಿಂಗ್ ಕ್ಲಬ್ಬಿಗೆ ಧ್ರುವ ಯಾತ್ರೆಯ ಕ್ಯಾಪ್ಟನ್ ಸ್ಕಾಟ್ ಅಧ್ಯಕ್ಷರಾದರು. ದಕ್ಷಿಣ ಧ್ರುವದಿಂದ ಬರುವಾಗ ಅವರ ತಂಡ ಸುಮಾರು 16 ಕೆಜಿ ಕಲ್ಲಿನ ಮಾದರಿಗಳನ್ನು ಕೊನೆಯವರೆಗೂ ಎಳೆದುಕೊಂಡು ಬಂತು, ಬಿಟ್ಟುಬರಲಿಲ್ಲ. ನನ್ನ ವಾದಕ್ಕೆ ಇದು ಸ್ವಲ್ಪ ಅಡ್ಡ ಬರುತ್ತದೆ, ಗೊತ್ತು.

ಚೀಟಿ ಬಂತು, ಎರಡೇ ನಿಮಿಷವಂತೆ. ಹೊಲದವರ ಅನುಮತಿ, ಕಕ್ಕಸಿನ ಗುಂಡಿ, ಬೆಂಕಿ ಆರಿಸೋದು ಇವೆಲ್ಲ ಹೇಳಬೇಕಿತ್ತು. ಗುಂಡಿ ನೀರಿನಿಂದ ದೂರ ಇರಲಿ, ಹೊರಡುವಾಗ ಮಣ್ಣು ಮುಚ್ಚಿ. ಬೂದಿ ಮುಟ್ಟಿದರೆ ಬಿಸಿ ಇರಬಾರದು. ಅನುಮತಿ ಕೇಳಲು ಒಬ್ಬರೇ ಹೋಗಿ, ಹಿಂಡು ಹಿಂಡಾಗಿ ಹೋಗಬೇಡಿ. ಖಜಾಂಚಿಯವರೇ, ಮೊದಲ ಚಂದಾದಲ್ಲಿ ಕೊಕ್ಕೆಗೆ ನೇತುಹಾಕುವ ಒಂದು ತಕ್ಕಡಿ ತನ್ನಿ. ಉಳಿದ ಪ್ರಶ್ನೆಗಳನ್ನು ಊಟದ ಹೊತ್ತಿಗೆ ಕೇಳಿ, ಇಲ್ಲೇ ಇರುತ್ತೇನೆ.