ಹಾಡು ಮುಗಿದ ಮೇಲಿನ ಹೊತ್ತು

ಕೇಳುಗರಿಗೆ ನಮಸ್ಕಾರ.

ಹತ್ತಾರು ದೇಶಗಳ ಗಾಯಕರು ಒಂದೇ ವೇದಿಕೆಯ ಮೇಲೆ ಸರದಿಯಂತೆ ಬಂದು ಹಾಡಿ, ಕೊನೆಯ ಹಾಡಿನ ಚಪ್ಪಾಳೆಯೂ ಅಡಗಿತೆಂದರೆ, ಬೇರೆ ಯಾವುದೇ ಸಂಗೀತ ಸಭೆಯಲ್ಲಾದರೂ ಜನ ಎದ್ದು ಹೊರಡುತ್ತಾರೆ. ಯೂರೋಪಿನ ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಮಾತ್ರ, ಹಾಡುಗಳ ನಡುವೆ ಎದ್ದು ಓಡಾಡುತ್ತಿದ್ದವರು ಕೂಡ ಆಗಲೇ ಬಂದು ಟಿವಿಯ ಮುಂದೆ ಕೂರುತ್ತಾರೆ. ಇನ್ನು ಮುಂದೆ ಅಲ್ಲಿ ನಡೆಯುವುದು ಬರೀ ಕೂಡುವ ಲೆಕ್ಕ. ಆದರೆ ಆ ಸ್ಪರ್ಧೆಯ ಸೊಗಸಿನಲ್ಲಿ ಮುಕ್ಕಾಲು ಪಾಲು ಅಡಗಿರುವುದು ಹಾಡು ಮುಗಿದ ಮೇಲಿನ ಈ ಹೊತ್ತಿನಲ್ಲಿಯೇ ಎಂಬುದು ನನ್ನ ಎಣಿಕೆ.

ಮೊದಲ ವರ್ಷ ಈ ಸೊಗಸು ಇರಲಿಲ್ಲ. 1950ರಲ್ಲಿ ಅಲ್ಲಿನ ಪ್ರಸಾರ ಸಂಸ್ಥೆಗಳು ಸೇರಿ ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡಿದ್ದವು. ಒಂದು ಊರಿನಲ್ಲಿ ನಡೆಯುವ ಕಾರ್ಯಕ್ರಮವನ್ನು ಹಲವು ದೇಶಗಳ ಜನ ಅದೇ ಕ್ಷಣದಲ್ಲಿ ನೋಡುವಂತೆ ಮಾಡಲು ಸಾಧ್ಯವೇ ಎಂದು ಪರೀಕ್ಷಿಸುವ ಹುಮ್ಮಸ್ಸಿನಲ್ಲಿದ್ದ ಆ ಒಕ್ಕೂಟಕ್ಕೆ, ಇಟಲಿಯ ಸಾನ್ ರೆಮೋ ಪಟ್ಟಣದಲ್ಲಿ 1951ರಿಂದ ನಡೆಯುತ್ತಿದ್ದ ಗೀತೋತ್ಸವ ಒಂದು ಮಾದರಿಯಾಗಿ ಒದಗಿತು. ಹೀಗೆ 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಏಳು ದೇಶಗಳು ತಲಾ ಎರಡು ಹಾಡುಗಳೊಂದಿಗೆ ಸೇರಿದವು. ಬಾನುಲಿಯಲ್ಲಿ ಮಾತನಾಡುತ್ತಿರುವ ನಾನು ಇದನ್ನು ಹೇಳದೆ ಬಿಡಲಾರೆ: ಟಿವಿಯಿದ್ದ ಮನೆಗಳು ಆಗ ವಿರಳವಾಗಿದ್ದುದರಿಂದ, ಹೆಚ್ಚಿನವರಿಗೆ ಆ ಸಂಜೆಯ ಹಾಡುಗಳು ತಲುಪಿದ್ದು ರೇಡಿಯೋದ ಮೂಲಕವೇ. ತೀರ್ಪುಗಾರರು ಗುಟ್ಟಾಗಿ ಮತ ಹಾಕಿದರು. ತಮ್ಮ ದೇಶದ ಹಾಡಿಗೂ ಹಾಕಬಹುದಿತ್ತು. ಕೊನೆಗೆ ಸ್ವಿಟ್ಜರ್ಲೆಂಡಿನ ಲೀಸ್ ಆಸಿಯಾ ಗೆದ್ದರೆಂದು ಘೋಷಿಸಿದರು, ಅಷ್ಟೇ. ಉಳಿದವರು ಎಷ್ಟನೆಯ ಸ್ಥಾನಕ್ಕೆ ನಿಂತರು, ಯಾರಿಗೆಷ್ಟು ಮತ ಬಿತ್ತು ಎಂಬುದನ್ನು ಪ್ರಕಟಿಸಲೇ ಇಲ್ಲ.

ಮರುವರ್ಷ ಫ್ರಾಂಕ್‌ಫರ್ಟಿನಲ್ಲಿ ಎರಡು ಬದಲಾವಣೆಗಳಾದವು. ತೀರ್ಪುಗಾರರು ತಮ್ಮ ತಮ್ಮ ದೇಶದಲ್ಲೇ ಕುಳಿತು ಫೋನಿನಲ್ಲಿ ಅಂಕಗಳನ್ನು ಹೇಳತೊಡಗಿದರು, ಆ ಅಂಕಗಳು ಎಲ್ಲರಿಗೂ ಕಾಣುವ ಫಲಕದ ಮೇಲೆ ಏರತೊಡಗಿದವು. ಯಾವ ದೇಶವೂ ತನ್ನ ಹಾಡಿಗೆ ತಾನೇ ಅಂಕ ಕೊಡುವಂತಿಲ್ಲ ಎಂಬ ನಿಯಮವೂ ಬಂತು. ಆ ನಿಯಮವನ್ನು ಮಾಡಿದವರು ಬರೀ ನ್ಯಾಯವನ್ನಷ್ಟೇ ನೋಡಿದ್ದಿರಬಹುದು. ಅದರಿಂದ ಆದದ್ದು ಮಾತ್ರ ಅದಕ್ಕಿಂತ ದೊಡ್ಡದು. ಒಬ್ಬ ನೋಡುಗನಿಗೆ ತನ್ನ ನಾಡಿನ ಹಾಡು ಎಷ್ಟೇ ಮೆಚ್ಚುಗೆಯಾದರೂ ಅದರಿಂದ ಫಲಿತಾಂಶಕ್ಕೆ ಏನೂ ಆಗದು. ಅವನ ಕೈಯಲ್ಲಿರುವುದು ಬೇರೆಯವರ ಹಾಡುಗಳನ್ನು ತೂಗಿನೋಡುವ ಕೆಲಸ ಮಾತ್ರ. ತನ್ನ ಹಾಡಿನ ಗತಿಯನ್ನು ಪರಕೀಯರ ಕಿವಿಗೆ ಒಪ್ಪಿಸಿ, ತಾನು ಪರರ ಹಾಡಿಗೆ ಕಿವಿಗೊಡಲೇಬೇಕಾದ ಈ ಏರ್ಪಾಡೇ ಅಂಕ ಎಣಿಸುವ ಹೊತ್ತಿಗೆ ಅಷ್ಟು ಬಿಸಿ ತರುತ್ತದೆ.

ಅಂಕಗಳ ಕ್ರಮವೂ ಇದಕ್ಕೆ ತಕ್ಕಂತೆ ಬೆಳೆಯಿತು. 1975ರಿಂದ ಪ್ರತಿ ದೇಶವೂ ಹತ್ತು ಹಾಡುಗಳನ್ನು ಆರಿಸಿ ಒಂದರಿಂದ ಎಂಟು, ಆಮೇಲೆ ಹತ್ತು, ಕೊನೆಗೆ ಹನ್ನೆರಡು ಅಂಕಗಳನ್ನು ಕೊಡುತ್ತದೆ, ಒಂಬತ್ತಿಲ್ಲ, ಹನ್ನೊಂದಿಲ್ಲ. ಹನ್ನೆರಡನ್ನು ಫ್ರೆಂಚಿನಲ್ಲಿ ‘ದೂಜ್ ಪ್ವಾಂ’ ಎಂದು ಕೂಗುವುದು ಆ ಖಂಡದಲ್ಲಿ ಫ್ರೆಂಚ್ ಬಾರದವರಿಗೂ ಬಾಯಿಪಾಠ. 1980ರಿಂದ ಅಂಕಗಳನ್ನು ಕಡಿಮೆಯಿಂದ ಹೆಚ್ಚಿಗೆ ಹೇಳುವ ಪದ್ಧತಿ ಬಂತು. ಈ ಸಣ್ಣ ಬದಲಾವಣೆ ಎಂಥ ಕೆಲಸ ಮಾಡುತ್ತದೆಂಬುದನ್ನು ತಿಳಿಯಬೇಕಾದರೆ 1988ರ ಡಬ್ಲಿನ್ ಸ್ಪರ್ಧೆಯ ಕೊನೆಯ ನಿಮಿಷಗಳನ್ನು ನೋಡಬೇಕು. ಸ್ವಿಟ್ಜರ್ಲೆಂಡಿನ ಪರವಾಗಿ ಹಾಡಿದ್ದವರು ಕೆನಡಾದ ಇಪ್ಪತ್ತರ ಹರೆಯದ ಯುವತಿ ಸೆಲೀನ್ ಡಿಯೋನ್. ಬ್ರಿಟನ್ನಿನ ಪರವಾಗಿ ಸ್ಕಾಟ್ ಫಿಟ್ಜ್‌ಜೆರಾಲ್ಡ್. ಕೊನೆಯ ಸರದಿ ಯುಗೋಸ್ಲಾವಿಯದ್ದು, ಬ್ರಿಟನ್ ಐದು ಅಂಕ ಮುಂದೆ. ಫೋನಿನ ಆ ತುದಿಯಿಂದ ಒಂದು, ಎರಡು ಎಂದು ಅಂಕಗಳು ಬರುತ್ತಾ ಬರುತ್ತಾ, ಆರು ಅಂಕ ಸ್ವಿಟ್ಜರ್ಲೆಂಡಿಗೆ ಬಿತ್ತು. ಈಗ ಸ್ವಿಟ್ಜರ್ಲೆಂಡ್ ಒಂದೇ ಒಂದು ಅಂಕ ಮುಂದೆ. ಆದರೆ ಏಳು, ಎಂಟು, ಹತ್ತು, ಹನ್ನೆರಡು ಇನ್ನೂ ಬಾಕಿ. ಇವುಗಳಲ್ಲಿ ಯಾವುದೇ ಒಂದು ಬ್ರಿಟನ್ನಿಗೆ ಬಂದರೂ ಸೆಲೀನ್ ಸೋತಂತೆ. ಏಳು ಬೇರೆಯವರ ಪಾಲಾಯಿತು, ಎಂಟೂ ಹತ್ತೂ ಹಾಗೆಯೇ. ಹನ್ನೆರಡು ಫ್ರಾನ್ಸಿಗೆ ಹೋಯಿತು. 137ಕ್ಕೆ 136. ಅದೇ ಅಂಕಗಳನ್ನು ಹೆಚ್ಚಿನಿಂದ ಕಡಿಮೆಗೆ ಓದಿದ್ದರೆ ಇಷ್ಟು ಉಸಿರು ಬಿಗಿಹಿಡಿಯುವ ಪ್ರಸಂಗವೇ ಬರುತ್ತಿರಲಿಲ್ಲ.

2016ರಿಂದ ತೀರ್ಪುಗಾರರ ಅಂಕಗಳನ್ನೂ ಮನೆಯಿಂದಲೇ ಮತ ಹಾಕುವ ವೀಕ್ಷಕರ ಅಂಕಗಳನ್ನೂ ಬೇರೆ ಬೇರೆಯಾಗಿ ಪ್ರಕಟಿಸುತ್ತಾರೆ. ಆ ವರ್ಷ ಸ್ಟಾಕ್‌ಹೋಮಿನಲ್ಲಿ ತೀರ್ಪುಗಾರರು ಮೊದಲ ಸ್ಥಾನ ಕೊಟ್ಟದ್ದು ಆಸ್ಟ್ರೇಲಿಯಕ್ಕೆ, ವೀಕ್ಷಕರು ಕೊಟ್ಟದ್ದು ರಷ್ಯಕ್ಕೆ. ಗೆದ್ದದ್ದು ಎರಡೂ ಕಡೆ ಎರಡನೆಯ ಸ್ಥಾನದಲ್ಲಿದ್ದ ಉಕ್ರೇನಿನ ಜಮಾಲಾ, 534 ಅಂಕಗಳಿಂದ. ಯೂರೋಪಿನ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಕ್ಕೇನು ಕೆಲಸ ಎಂದು ಯಾರಾದರೂ ಕೇಳಿಯಾರು. ಅಲ್ಲಿನ ಜನ ದಶಕಗಳಿಂದ ಈ ಕಾರ್ಯಕ್ರಮವನ್ನು ನೋಡುತ್ತಾ ಬಂದವರು. 2015ರಲ್ಲಿ ಅವರನ್ನೂ ಕರೆದರು, ಅಂದಿನಿಂದ ಬರುತ್ತಿದ್ದಾರೆ.

ನೆರೆಹೊರೆಯವರು ಪರಸ್ಪರ ಅಂಕ ಹಂಚಿಕೊಳ್ಳುತ್ತಾರೆ ಎಂಬ ದೂರು ಬಹಳ ಹಳೆಯದು. ಗ್ರೀಸ್ ಹನ್ನೆರಡನ್ನು ಸೈಪ್ರಸ್ಸಿಗೆ, ಸೈಪ್ರಸ್ ಹನ್ನೆರಡನ್ನು ಗ್ರೀಸಿಗೆ ಕೊಟ್ಟು ಮುಯ್ಯಿ ತೀರಿಸಿಕೊಳ್ಳುವುದು ಎಷ್ಟು ರೂಢಿಯಾಗಿದೆಯೆಂದರೆ, ಹೆಸರು ಬಾಯಿಂದ ಹೊರಡುವ ಮೊದಲೇ ಸಭಾಂಗಣದಲ್ಲಿ ನಗು ಏಳುತ್ತದೆ. ಇದನ್ನು ಅನ್ಯಾಯ ಎನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಒಂದೇ ಭಾಷೆಯ ಹಾಡು ಕೇಳಿ ಬೆಳೆದವರಿಗೆ ಆ ಹಾಡು ಹಿಡಿಸುವುದು ಒಳಸಂಚು ಹೇಗಾದೀತು? ನನಗಂತೂ ಆ ನಗು ಇಷ್ಟ.

ಮತಗಳನ್ನು ಒಟ್ಟುಗೂಡಿಸುವವರೆಗೆ ಹೊತ್ತು ಕಳೆಯಬೇಕಲ್ಲ, ಅದಕ್ಕೆಂದು ನಡುವೆ ಏನಾದರೊಂದು ಪ್ರದರ್ಶನವನ್ನು ಇಟ್ಟಿರುತ್ತಾರೆ. 1994ರಲ್ಲಿ ಡಬ್ಲಿನ್‌ನಲ್ಲಿ ಹೀಗೆ ಇಟ್ಟ ಏಳು ನಿಮಿಷಗಳ ಐರಿಷ್ ಕುಣಿತವೇ ‘ರಿವರ್‌ಡ್ಯಾನ್ಸ್’. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಸಾಲಾಗಿ ನಿಂತು, ನೆಲವೇ ಮದ್ದಲೆಯೆಂಬಂತೆ ಪಾದಗಳಿಂದ ಬಾರಿಸಿದ ಆ ನರ್ತಕರನ್ನು ಜನ ಎಷ್ಟು ಮೆಚ್ಚಿದರೆಂದರೆ, ಅದು ಮರುವರ್ಷವೇ ಪೂರ್ಣಪ್ರಮಾಣದ ಪ್ರದರ್ಶನವಾಗಿ ಬೆಳೆದು, ಆಮೇಲೆ ಲೋಕ ಸುತ್ತಿತು. ಅಂದು ಸ್ಪರ್ಧಿಸಿದ ಹಾಡುಗಳಲ್ಲಿ ಯಾವುದಕ್ಕೂ ಆ ಭಾಗ್ಯ ಸಿಗಲಿಲ್ಲ.

ಸೊನ್ನೆಯ ವಿಷಯವನ್ನೂ ಹೇಳಬೇಕು. ಹನ್ನೆರಡು ಅಂಕಗಳ ಪದ್ಧತಿ ಬಂದ ಮೇಲೆ ಮೊದಲ ಸೊನ್ನೆ ದೊರೆತದ್ದು 1978ರಲ್ಲಿ ಪ್ಯಾರಿಸ್ಸಿನಲ್ಲಿ, ನಾರ್ವೆಯ ಯಾನ್ ಟೈಗನ್ ಅವರಿಗೆ. ದೇಶದ ಮೇಲೆ ದೇಶ ಫಲಕದಲ್ಲಿ ಅವರ ಸಾಲನ್ನು ದಾಟಿಕೊಂಡು ಹೋಯಿತು, ಒಬ್ಬರೂ ಅಲ್ಲಿ ನಿಲ್ಲಲಿಲ್ಲ. ತಾಯ್ನಾಡಿನಲ್ಲಿ ಆ ಹಾಡು ಸೋತದ್ದಕ್ಕೇ ಇನ್ನಷ್ಟು ಜನಪ್ರಿಯವಾಯಿತು. ಟೈಗನ್ 1982ರಲ್ಲಿ ಮತ್ತೆ ಬಂದರು, 1983ರಲ್ಲಿ ಇನ್ನೊಮ್ಮೆ ಬಂದು ಒಂಬತ್ತನೆಯ ಸ್ಥಾನ ಪಡೆದರು.

ಇನ್ನು ಭಾಷೆ. ಗಾಯಕರು ತಮ್ಮ ನಾಡಿನ ಭಾಷೆಯಲ್ಲೇ ಹಾಡಬೇಕೆಂಬ ನಿಯಮ ನಡುವೆ ಕೆಲವು ವರ್ಷ ಬಿಟ್ಟರೆ 1998ರವರೆಗೂ ಇತ್ತು. 1999ರಲ್ಲಿ ಅದನ್ನು ತೆಗೆದರು; ತೆಗೆದ ಮೇಲೆ ಬಹುಪಾಲು ಜನ ಇಂಗ್ಲಿಷಿನತ್ತ ವಾಲಿದರು. ಅರ್ಥವಾಗದ ಹಾಡನ್ನು ದನಿ, ಲಯ, ಮುಖಭಾವಗಳಿಂದಲೇ ಬೆಲೆ ಕಟ್ಟುವ ಸುಖ ಅಲ್ಲಿಗೆ ಕಡಿಮೆಯಾಯಿತೆಂಬ ಕೊರಗು ನನ್ನಂಥವರಿಗೆ ಇದ್ದೇ ಇತ್ತು.

ಆ ಕೊರಗನ್ನು ತೀರಿಸಿದ್ದು 2017ರ ಕೀವ್ ಸ್ಪರ್ಧೆ. ಪೋರ್ಚುಗಲ್ 1964ರಿಂದ ಹಾಡುತ್ತಾ ಬಂದಿದ್ದರೂ ಒಮ್ಮೆಯೂ ಗೆದ್ದಿರಲಿಲ್ಲ; ಆರನೆಯ ಸ್ಥಾನವೇ ಅದುವರೆಗಿನ ಹಿರಿಮೆ. ಆ ವರ್ಷ ಬಂದವರು ಸಾಲ್ವಡೋರ್ ಸೋಬ್ರಾಲ್. ಹಾಡು ಬರೆದು ರಾಗ ಹಾಕಿದವರು ಅವರ ಅಕ್ಕ ಲುಯೀಸಾ. ಹೃದಯದ ಕಾಯಿಲೆಯಿಂದ ಬಳಲುತ್ತಿದ್ದ ತಮ್ಮನ ಬದಲು, ಮೊದಮೊದಲ ಅಭ್ಯಾಸಗಳಲ್ಲಿ ಅಕ್ಕನೇ ನಿಂತು ಹಾಡಿದ್ದರು. ಸ್ಪರ್ಧೆಯ ರಾತ್ರಿ ಉಳಿದವರು ದೊಡ್ಡ ವೇದಿಕೆಯಲ್ಲಿ ಬೆಂಕಿ, ಹೊಗೆ, ನರ್ತಕರೊಂದಿಗೆ ಬಂದರೆ, ಸೋಬ್ರಾಲ್ ಜನರ ನಡುವಿನ ಒಂದು ಪುಟ್ಟ ಜಗುಲಿಯಂಥ ವೇದಿಕೆಯ ಮೇಲೆ ಒಬ್ಬರೇ ನಿಂತು, ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಾ ಪೋರ್ಚುಗೀಸಿನಲ್ಲಿ ಮೆಲ್ಲನೆ ಹಾಡಿದರು. ತೀರ್ಪುಗಾರರೂ ವೀಕ್ಷಕರೂ ಒಂದೇ ಮನಸ್ಸಿನಿಂದ ಅವರನ್ನು ಮೊದಲ ಸ್ಥಾನಕ್ಕೇರಿಸಿದರು. ಒಟ್ಟು 758 ಅಂಕ. ಅಲ್ಲಿಯವರೆಗೆ ಯಾರೂ ಅಷ್ಟು ಪಡೆದಿರಲಿಲ್ಲ.

ಗೆದ್ದವರು ಕೊನೆಯಲ್ಲಿ ತಮ್ಮ ಹಾಡನ್ನು ಮತ್ತೊಮ್ಮೆ ಹಾಡುವುದು ಈ ಸ್ಪರ್ಧೆಯ ವಾಡಿಕೆ. ಅಂಕಗಳ ಗದ್ದಲವೆಲ್ಲ ಮುಗಿದು, ಸೋಬ್ರಾಲ್ ವೇದಿಕೆಗೆ ಮರಳಿ ಅಕ್ಕನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಲುಯೀಸಾ ಹಾಡನ್ನು ಎತ್ತಿಕೊಂಡಾಗ, ಆಕೆಯ ತಮ್ಮ ಕೇಳುತ್ತಾ ನಿಂತ.