ಸದಾ ಪ್ಲಗ್‌ನಲ್ಲೇ ಇರುತ್ತಾ ನಿಮ್ಮ ಲ್ಯಾಪ್‌ಟಾಪ್? ಹಾಗಾದ್ರೆ ಚಾರ್ಜಿಂಗ್ 80 ಪರ್ಸೆಂಟ್‌ಗೆ ನಿಲ್ಲಿಸಿ!

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಆದರೆ ಹೋದ ವಿಡಿಯೋಗೆ ಬಂದ ಒಂದು ಕಾಮೆಂಟ್ ತಲೆಯಲ್ಲೇ ಕೂತುಬಿಟ್ಟಿದೆ. "100 ಪರ್ಸೆಂಟ್ ಬ್ಯಾಟರಿಗೆ ದುಡ್ಡು ಕೊಟ್ಟು 80ಕ್ಕೆ ಯಾಕೆ ನಿಲ್ಲಿಸಬೇಕು ಗುರು?"

ಯಾಕೆ ಅಂತ ಹೇಳುತ್ತೇನೆ, ಕೇಳಿ.

ನನ್ನ ಹಳೇ ಲ್ಯಾಪ್‌ಟಾಪ್ ಮೂರು ವರ್ಷ ಹಗಲು ರಾತ್ರಿ ಚಾರ್ಜರ್‌ಗೆ ಅಂಟಿಕೊಂಡೇ ಇತ್ತು. ಒಂದು ದಿನ ಟಚ್‌ಪ್ಯಾಡ್ ಎಷ್ಟು ಒತ್ತಿದರೂ ಕ್ಲಿಕ್ ಆಗಲಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವರು ತಳದ ಸ್ಕ್ರೂ ಬಿಚ್ಚಿ ತೋರಿಸಿದರು. ಬ್ಯಾಟರಿ ಪೂರಿ ಹಾಗೆ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿತ್ತು. "ಇನ್ನು ಇದನ್ನ ಪ್ಲಗ್‌ಗೆ ಹಾಕಲೇಬೇಡಿ ಸಾರ್" ಅಂದರು. ಆ ಉಬ್ಬು ಈಗಲೂ ಕಣ್ಣ ಮುಂದೆ ಇದೆ.

ಲಿಥಿಯಂ ಅಯಾನ್ ಸೆಲ್ ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್ ಹತ್ತಿರ ಇರುತ್ತದೆ. ಅಷ್ಟು ವೋಲ್ಟೇಜ್‌ನಲ್ಲಿ, ಮೇಲಿಂದ ಲ್ಯಾಪ್‌ಟಾಪ್ ಬಿಸಿಯಲ್ಲಿ, ತಿಂಗಳುಗಟ್ಟಲೆ ಕೂತರೆ ಒಳಗಿನ ಎಲೆಕ್ಟ್ರೋಲೈಟ್, ಅಂದರೆ ಅಯಾನ್‌ಗಳು ಓಡಾಡುವ ದ್ರಾವಣ, ಕೆಡುತ್ತಾ ಹೋಗುತ್ತದೆ. ಗ್ಯಾಸ್ ಹುಟ್ಟುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಬ್ಯಾಟರಿಗೂ ಅದೇ ಮಾತು. 80ಕ್ಕೆ ನಿಲ್ಲಿಸಿ.

"ತುಂಬಿದ ಮೇಲೆ ಚಾರ್ಜಿಂಗ್ ತಾನಾಗೇ ನಿಲ್ಲುತ್ತಲ್ಲ" ಅಂತೀರಾ? ನಿಲ್ಲುತ್ತೆ ಸ್ವಾಮಿ! ಎಲ್ಲಿ ನಿಲ್ಲುತ್ತೆ? 100ರಲ್ಲಿ! ಅದೇ ಅಲ್ವಾ ತೊಂದರೆ? 80ಕ್ಕೆ ನಿಲ್ಲಿಸಿ!

ಇನ್ನೊಬ್ಬರು "ಲಿನಕ್ಸ್‌ನಲ್ಲಿ ಇದೆಲ್ಲ ಎಲ್ಲಿದೆ" ಅಂತ ಕೇಳಿದ್ದಾರೆ. ಲೆನೊವೊ ಥಿಂಕ್‌ಪ್ಯಾಡ್‌ಗೆ ಈ ಸೌಲಭ್ಯ ಕರ್ನಲ್ (ಲಿನಕ್ಸ್‌ನ ತಿರುಳು) 4.17ರಲ್ಲೇ ಬಂತು, ಅದು 2018. ಅಸೂಸ್‌ಗೆ 5.4ರಲ್ಲಿ. ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಕೆಡಿಇ ಪ್ಲಾಸ್ಮಾ ಸೆಟ್ಟಿಂಗ್ಸ್‌ನಲ್ಲಿ 2020ರಿಂದ ಇದೆ. ಇನ್ನೊಂದು ಡೆಸ್ಕ್‌ಟಾಪ್ ಗ್ನೋಮ್‌ನ 48ನೇ ಆವೃತ್ತಿ ಬಂದಮೇಲೆ, ಅಂದರೆ 2025ರಿಂದ, ಅಲ್ಲೂ ಒಂದು ಆಯ್ಕೆ ಒತ್ತಿದರೆ ಸಾಕು. ಟರ್ಮಿನಲ್ ಇಷ್ಟ ಅನ್ನುವವರು ಸಿಸ್‌ಎಫ್‌ಎಸ್‌ನ (ಕರ್ನಲ್ ಸೆಟ್ಟಿಂಗ್ಸ್ ಫೈಲ್‌ಗಳಾಗಿ ಕಾಣುವ ಜಾಗ) ಪವರ್ ಸಪ್ಲೈ ಫೋಲ್ಡರ್, ಅಂದರೆ /sys/class/power_supply, ಒಳಗೆ ಬ್ಯಾಟರಿ ಹೆಸರಿನ ಕೆಳಗೆ 'charge_control_end_threshold' ಅನ್ನುವ ಫೈಲ್ ಹುಡುಕಿ. ರೂಟ್ (ಅಡ್ಮಿನ್) ಆಗಿ ಅದರಲ್ಲಿ 80 ಅಂತ ಬರೆಯಿರಿ, ಅಷ್ಟೇ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರೀಸ್ಟಾರ್ಟ್ ಮಾಡಿದರೆ ಇದು ಅಳಿಸಿಹೋಗುತ್ತದೆ. ಅದಕ್ಕೆ ಟಿಎಲ್‌ಪಿ ಅನ್ನುವ ಪವರ್ ಸೆಟ್ಟಿಂಗ್ಸ್ ಪ್ರೋಗ್ರಾಂ ಹಾಕಿಕೊಳ್ಳಿ, ನಾನು 75ಕ್ಕೆ ಶುರು, 80ಕ್ಕೆ ಸ್ಟಾಪ್ ಇಟ್ಟಿದ್ದೇನೆ. ಆ ಫೈಲೇ ಇಲ್ಲ ಅಂದರೆ ಲ್ಯಾಪ್‌ಟಾಪ್ ಆನ್ ಮಾಡುವಾಗ ತೆರೆಯುವ ಬಯಾಸ್ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಟಿಎಲ್‌ಪಿ ಬಗ್ಗೆ ನಮ್ಮ ಚಾನೆಲ್‌ನಲ್ಲೇ ಪೂರ್ತಿ ವಿಡಿಯೋ ಇದೆ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದರೆ ಆಗಿಬಿಡಿ, ಬೆಲ್ ಒತ್ತೋದು ಮರೀಬೇಡಿ.

ಆಮೇಲೆ "ಕರೆಂಟ್ ಹೋದರೆ?" ಅನ್ನುವವರು. ಅಯ್ಯೋ, 80 ಇರುತ್ತಲ್ಲ! ಊರಿಗೆ ಹೊರಡುವ ಹಿಂದಿನ ರಾತ್ರಿ 100ಕ್ಕೆ ಬದಲಾಯಿಸಿಕೊಳ್ಳಿ, ಬೇಡ ಅಂದವರು ಯಾರು? ವಾಪಸ್ ಬಂದಮೇಲೆ ಮತ್ತೆ 80.

"ಮೂರು ವರ್ಷಕ್ಕೆ ಹೊಸದು ತಗೋತೀನಿ ಬಿಡಿ" ಅಂತಾನೂ ಒಬ್ಬರು. ನಿಮ್ಮ ಹಳೇದು ಯಾರ ಕೈಗೆ ಹೋಗುತ್ತೆ? ತಮ್ಮನಿಗೋ, ತಂಗಿಗೋ ಕೊಡ್ತೀರಿ ತಾನೇ? ಉಬ್ಬಿದ ಬ್ಯಾಟರಿ ಸಮೇತ ಕೊಡ್ತೀರಾ? ಇಲ್ಲ ಅಲ್ವಾ? ಮತ್ತೆ ನಿಲ್ಲಿಸಿ! 80ಕ್ಕೆ ನಿಲ್ಲಿಸಿ! ಎಷ್ಟು ಸಲ ಹೇಳಲಿ!

ಈಗಲೇ ಈ ವಿಡಿಯೋ ಪಾಜ್ ಮಾಡಿ ಸೆಟ್ ಮಾಡಿ ಬನ್ನಿ. ಸ್ಕ್ರೀನ್‌ಶಾಟ್ ನಮ್ಮ ಟೆಲಿಗ್ರಾಮ್ ಗ್ರೂಪ್‌ಗೆ ಹಾಕಿ, ಒಂದೊಂದನ್ನೂ ನಾನೇ ನೋಡುತ್ತೇನೆ. ಆ ಕಾಮೆಂಟ್ ಹಾಕಿದ ಗುರುಗಳೇ, ನಿಮ್ಮದನ್ನೇ ಮೊದಲು ಕಾಯುತ್ತಿರುತ್ತೇನೆ.